ಕಾಂತಪ್ಪನವರು ಹೆಂಡತಿಗೆ ತೋರಿಸಿದ ಪುಣೆ

ನಮ್ಮ ಕೋಥರೂಡದ ಹೋಟೆಲ್ ಶಾಂಭವಿಯ ಮಾಲೀಕ ಕಾಂತಪ್ಪನವರಿಗೆ ಪುಣೆಯ ಬಗ್ಗೆ ಏನು ಕೇಳಿದರೂ ಉತ್ತರ ಸಿದ್ಧವಿರುತ್ತಿತ್ತು. ಪರ್ವತಿ ಗುಡ್ಡವನ್ನು ಯಾವ ಹೊತ್ತಿನಲ್ಲಿ ಹತ್ತಬೇಕು, ತುಳಶೀಬಾಗಿನಲ್ಲಿ ಬಳೆ ಎಲ್ಲಿ ಚೆನ್ನಾಗಿರುತ್ತವೆ, ಶನಿವಾರವಾಡೆಯ ಬಾಗಿಲಿಗೆ ಅಷ್ಟು ದೊಡ್ಡ ಮೊಳೆ ಯಾಕೆ ಹೊಡೆದಿದ್ದಾರೆ, ಎಲ್ಲವನ್ನೂ ಗಲ್ಲಾದ ಮೇಲೆ ಕೂತು, ಅಡುಗೆಮನೆಯ ಕಡೆ ಒಂದು ಕಿವಿ ಇಟ್ಟುಕೊಂಡೇ ಹೇಳುತ್ತಿದ್ದರು. ಮದುವೆಯಾಗಿ ಬಾಗಲಕೋಟೆಯಿಂದ ಹೊಸದಾಗಿ ಬಂದ ನಾನು ಬಾಯಿ ಬಿಟ್ಟುಕೊಂಡು ಕೇಳಿದವಳೇ. ಇದರಲ್ಲಿ ಒಂದನ್ನೂ ಆ ಮನುಷ್ಯ ಕಣ್ಣಾರೆ ನೋಡಿಲ್ಲ ಎಂಬುದು ನನಗೆ ತಿಳಿದದ್ದು ಅವರ ಹೆಂಡತಿ ಲೀಲಾಕ್ಷಿ ಊರಿನಿಂದ ಬಂದ ಮೇಲೆ, ೧೯೯೯ರ ಮಳೆಗಾಲದಲ್ಲಿ.

ಹಾಗೆಂದು ಅವರನ್ನು ಯಾರಾದರೂ ಸುಳ್ಳುಗಾರ ಎಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಮೂಲ್ಕಿಯ ಕಡೆಯಿಂದ ಮೀಸೆ ಮೂಡುವ ಮೊದಲೇ ಪುಣೆಗೆ ಬಂದವರು. ಸೋದರಮಾವನ ಹೋಟೆಲಿನಲ್ಲಿ ಕಪ್ಪು ತೊಳೆದು, ಟೇಬಲ್ ಒರೆಸಿ, ದೋಸೆ ಹಾಕಿ, ಕೊನೆಗೆ ಕೋಥರೂಡದಲ್ಲಿ ಸೊಸೈಟಿಗಳು ಒಂದರ ಹಿಂದೊಂದು ಏಳುತ್ತಿದ್ದಾಗ ತಮ್ಮದೇ ಒಂದು ಹೋಟೆಲು ಮಾಡಿಕೊಂಡರು. ನಸುಕಿನಲ್ಲಿ ಟೆಂಪೊ ಹತ್ತಿ ಮಂಡಯಿಗೆ ಹೋಗಿ ತರಕಾರಿ ತಂದರೆ ಅವರ ಊರು ಸುತ್ತುವುದು ಮುಗಿಯಿತು. ಆಮೇಲೆ ಕೊನೆಯ ಗಿರಾಕಿ ಕೈ ತೊಳೆಯುವ ತನಕ ಗಲ್ಲಾ. ಅವರ ಪುಣೆಯೆಲ್ಲ ಗಿರಾಕಿಗಳ ಬಾಯಿಂದ ಬಂದದ್ದು. ಒಬ್ಬ ಹೇಳಿದ್ದನ್ನು ಇನ್ನೊಬ್ಬನಿಗೆ, ಸ್ವಲ್ಪ ಒಗ್ಗರಣೆ ಹಾಕಿ, ಬಿಸಿಬಿಸಿಯಾಗಿ ಬಡಿಸುತ್ತಿದ್ದರು ಅಷ್ಟೆ.

ಗಲ್ಲಾದ ಪಕ್ಕದ ಗೋಡೆಯಲ್ಲಿ ದೇವಿಯ ಪಟ, ಅದರ ಕೆಳಗೆ ಒಂದು ದೊಡ್ಡ ಮೊಳೆ. ಗಿರಾಕಿಗಳು ಮರೆತುಹೋದ ಛತ್ರಿಗಳೆಲ್ಲ ಆ ಮೊಳೆಗೆ ನೇತಾಡುತ್ತಿದ್ದವು. ಯಾರಾದರೂ ಬಂದು ಕೇಳಲಿ, ಕೇಳದಿರಲಿ, ಕಾಂತಪ್ಪನವರು ಒಂದನ್ನೂ ಬಿಸಾಕಿದವರಲ್ಲ. "ಮಳೆ ಬಂದಾಗ ನೆನಪಾಗ್ತದೆ, ಬರ್ತಾರೆ" ಎನ್ನುತ್ತಿದ್ದರು. ಹೋದ ಮಳೆಗಾಲದ್ದು, ಅದರ ಹಿಂದಿನದ್ದು, ಎಲ್ಲವೂ ಅಲ್ಲೇ ಇದ್ದವು.

ಅವರು ಧೋಂಡೋಪಂತನಿಗೆ ಮರುಳಾದದ್ದು ಈ ಮೊಳೆಯಿಂದಲೇ. ನಮ್ಮ ಬಡಾವಣೆಯಲ್ಲಿ ಪ್ರತಿ ಭಾನುವಾರ ಮನೆಮನೆಯ ಬಾಗಿಲಿಗೆ ಒಂದು ಮರಾಠಿ ವಾರಪತ್ರಿಕೆ ಬಂದು ಬೀಳುತ್ತಿತ್ತು. ತುಂಬ ಜಾಹೀರಾತು, ನಡುವೆ ನೀರು ಬಾರದ ಸುದ್ದಿ, ಕೊನೆಯ ಪುಟದಲ್ಲಿ 'ಧೋಂಡೋಪಂತಾಂಚೀ ಛತ್ರೀ' ಎಂಬ ಚಿತ್ರಕಥೆ. ಧೋಂಡೋಪಂತ ಎಂಬ ಬೋಳು ತಲೆಯ ನಿವೃತ್ತ ಮನುಷ್ಯ ಗಿಳಿಮೂತಿ ಹಿಡಿಕೆಯ ತನ್ನ ಛತ್ರಿಯನ್ನು ಎಲ್ಲೋ ಮರೆತಿದ್ದಾನೆ. ಎಲ್ಲಿ ಎಂಬುದೂ ಮರೆತಿದೆ. ವಾರಕ್ಕೊಂದು ಜಾಗಕ್ಕೆ ಹೋಗಿ ಹುಡುಕುತ್ತಾನೆ. ಛತ್ರಿ ಚಿತ್ರದ ಯಾವುದೋ ಮೂಲೆಯಲ್ಲಿ ನಮಗೆ ಕಾಣುತ್ತಿರುತ್ತದೆ, ಅವನಿಗೆ ಕಾಣುವುದಿಲ್ಲ. ಜಾಗಗಳು ಮಾತ್ರ ಎಲ್ಲ ನಿಜದವು. ಲಕಡೀ ಪೂಲ್ ಎಂಬ ಸೇತುವೆಯ ಕಟಕಟೆ, ವಿಶ್ರಾಮಬಾಗ್ ವಾಡೆಯ ಮರದ ಕೆತ್ತನೆ, ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳ ಸಾಲು, ಬೋರ್ಡಿನ ಒಡೆದ ಮೂಲೆ ಕೂಡ ಇದ್ದ ಹಾಗೇ. ಬರೆಯುವವರು ಯಾರೋ ಗೊತ್ತಿಲ್ಲ, ಹೆಸರಿರುತ್ತಿರಲಿಲ್ಲ.

ನನ್ನ ಗಂಡ ಅಮರನಿಗೆ ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸ. ಅವನ ವಾರದ ರಜೆ ಗುರುವಾರ, ನನ್ನ ವಿಮಾ ಕಚೇರಿಯದು ಭಾನುವಾರ. ಹೀಗಾಗಿ ಭಾನುವಾರ ಬೆಳಿಗ್ಗೆ ಒಬ್ಬಳೇ ಮನೆಯಲ್ಲಿ ಒಲೆ ಹಚ್ಚುವ ಬದಲು ಕೆಳಗಿಳಿದು ಶಾಂಭವಿಗೆ ಹೋಗುತ್ತಿದ್ದೆ. ನಾವು ಮೂರನೆಯ ಮಹಡಿ, ಕಾಂತಪ್ಪನವರದ್ದು ಹೋಟೆಲಿನ ಮೇಲೇ ಮೊದಲ ಮಹಡಿ. ಅವರಿಗೆ ಮರಾಠಿ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನಾನು ಬನ್ಸ್ ತಿನ್ನುತ್ತ ಓದಿ ಹೇಳಬೇಕು, ಅವರು ಗಲ್ಲಾದಿಂದ ಬಾಗಿ ಕೇಳಬೇಕು.

"ಇವನು ಎಂತದಕ್ಕೆ ಊರಿಡೀ ಸುತ್ತುದು ಮಾರಾಯ್ತಿ? ಒಮ್ಮೆ ನಮ್ಮ ಹೋಟೆಲಿಗೆ ಬಂದು ನೋಡ್ಬಾರ್ದಾ? ಮರೆತ ಛತ್ರಿ ಎಲ್ಲ ಇಲ್ಲಿಯೇ ಉಂಟಲ್ಲ!" ಎಂದು ಪ್ರತಿ ವಾರ ಮೊಳೆಯ ಕಡೆ ಕೈ ತೋರಿಸುತ್ತಿದ್ದರು. ಧೋಂಡೋಪಂತ ಒಂದು ದಿನ ಶಾಂಭವಿಗೆ ಬರಬೇಕು, ಛತ್ರಿ ಇಲ್ಲೇ ಸಿಗಬೇಕು, ಊರೆಲ್ಲ ಅದನ್ನು ನೋಡಬೇಕು. ಅದು ಅವರ ಆಸೆ. ಮಕ್ಕಳ ಆಸೆಯ ಹಾಗೆ ಇತ್ತು, ಅದಕ್ಕೇ ನನಗೆ ಇಷ್ಟ.

ಆ ಜೂನಿನಲ್ಲಿ ಲೀಲಕ್ಕ ಬಂದರು. ಮಗಳು ಹರ್ಷಾಳ ಮದುವೆಯಾಗಿತ್ತು, ಮಗ ಪೃಥ್ವಿರಾಜ್ ಕಾಲೇಜಿನ ಹಾಸ್ಟೆಲು ಸೇರಿದ್ದ. ಮದುವೆಯಾದಂದಿನಿಂದ ಊರಿನಲ್ಲೇ ಇದ್ದು ಅತ್ತೆ, ಮಕ್ಕಳು, ಹಟ್ಟಿ ಎಲ್ಲ ನೋಡಿಕೊಂಡವರು ಈಗ ಮೊದಲ ಸಲ ಗಂಡನ ಊರಿಗೆ. ಬಂದವರು ಒಂದು ಮಾತು ಮೊದಲೇ ಹೇಳಿಬಿಟ್ಟರು: "ನವರಾತ್ರಿ ಕಳೆದ ಮೇಲೆ ತಮ್ಮ ಬರ್ತಾನೆ. ಆಗ್ಲಿಕ್ಕೆ ಈ ಊರು ನನಗೆ ಹಿಡಿಸಿದ್ರೆ ಉಳಿತೇನೆ. ಇಲ್ಲದಿದ್ರೆ ಅವನ ಒಟ್ಟಿಗೆ ಹೋಗ್ತೇನೆ, ಮತ್ತೆ ಕರೀಬೇಡಿ." ತಂದ ಟ್ರಂಕನ್ನು ಮಂಚದ ಕೆಳಗೆ ತಳ್ಳಿದರು. ಕಪಾಟು ಖಾಲಿ ಇದ್ದರೂ ಸೀರೆಗಳನ್ನು ಅದರೊಳಗೆ ಇಡಲಿಲ್ಲ. ದಿನಾ ಟ್ರಂಕಿನಿಂದ ತೆಗೆಯುವುದು, ಒಗೆದು ಒಣಗಿಸಿ ಮಡಚಿ ಮತ್ತೆ ಅದಕ್ಕೇ ಇಡುವುದು. ಕಾಂತಪ್ಪನವರು ಆ ಟ್ರಂಕನ್ನು ನೋಡುತ್ತಿದ್ದ ರೀತಿ ಕಂಡರೆ ಯಾರಿಗಾದರೂ ಕನಿಕರ ಬರಬೇಕು. ಇಷ್ಟು ವರ್ಷ ಕಾದು ಒಂದೇ ಮನೆಯಲ್ಲಿ ಇರುವ ಭಾಗ್ಯ ಬಂದಿದೆ, ಅದೂ ನಾಲ್ಕು ತಿಂಗಳ ಕರಾರಿನ ಮೇಲೆ!

ಊರು ತೋರಿಸಬೇಕು ಎಂದು ಅವರು ಹೊರಟರು. ತೋರಿಸುವವರಿಗೆ ದಾರಿ ಗೊತ್ತಿರಬೇಕಲ್ಲ? ರದ್ದಿಯಲ್ಲಿದ್ದ ಹಳೆಯ ವಾರಪತ್ರಿಕೆಗಳನ್ನೆಲ್ಲ ತೆಗೆಸಿ ಧೋಂಡೋಪಂತನ ಚಿತ್ರಗಳನ್ನು ಕತ್ತರಿಸಿದರು. ನನ್ನಿಂದ ಪ್ರತಿ ಜಾಗದ ಹೆಸರು, ಬಸ್ಸು ಕೇಳಿಕೊಂಡು ಕಿಸೆಯಲ್ಲಿಟ್ಟುಕೊಂಡರು. ನಾನು ಖುಷಿಯಿಂದ ಹೇಳಿಕೊಟ್ಟೆ. ಯಾವ ಹೊತ್ತಿನಲ್ಲಿ ಹೋಗುತ್ತಾರೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುಂದಿನದ್ದು ಗೊತ್ತಾದದ್ದು ಶ್ರಾವಣದ ಒಂದು ಭಾನುವಾರ, ಟೆರೇಸಿನ ಮೇಲೆ ಬಟ್ಟೆ ಒಣಹಾಕುವಾಗ. ಲೀಲಕ್ಕ ಸೀರೆ ಕೊಡವುತ್ತ ಕೇಳಿದರು.

"ಇದು ಎಂತ ಊರು ನೀತಾ, ಜನವೇ ಇಲ್ಲ! ಇವರು ಊರಿಗೆ ಬಂದಾಗೆಲ್ಲ ಹೇಳುದು ಕೇಳಿ ನಾನು ದಿನಾ ತೇರು ಅಂತ ಎಣಿಸಿದ್ದೆ."

"ಜನಾ ಇಲ್ಲೇನ್ರೀ ಅಕ್ಕಾರ? ಲಕ್ಷ್ಮೀ ರೋಡಿನ್ಯಾಗ ಕಾಲಿಡಾಕ ಜಾಗಾ ಇರೂದಿಲ್ಲ!"

"ಎಲ್ಲಿ? ನಾವು ಹೋದಲ್ಲೆಲ್ಲ ಬಾಗಿಲು ಹಾಕಿ ಉಂಟು. ಬಳೆ ಅಂಗಡಿ ಬಾಗಿಲು ಹಾಕಿ ಉಂಟು, ಪಾತ್ರೆ ಅಂಗಡಿ ಬಾಗಿಲು ಹಾಕಿ ಉಂಟು, ಪುಸ್ತಕದ್ದೂ ಹಾಗೆಯೇ. ಒಂದು ನಾಯಿ ಮಲಗಿ ಇರ್ತದೆ. ಯಾರಾದ್ರೂ ದೊಡ್ಡವರು ತೀರಿಹೋದ್ರಾ ಅಂತ ಕೇಳಿದೆ. ಹೌದು ಇರ್ಬೇಕು ಅಂದ್ರು. ನಾವು ಹೋದಾಗೆಲ್ಲ ಯಾರಾದ್ರೂ ಸಾಯ್ತಾರಾ?"

ನನಗೆ ತಟ್ಟನೆ ಹೊಳೆಯಿತು. ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟು ನಕ್ಕೆ, ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ, ಅಷ್ಟೇ ಹೋಟೆಲಿನವರಿಗೆ ಬಿಡುವು. ಇಡೀ ಪುಣೆ ಅಂಗಡಿಗೆ ಬಾಗಿಲು ಹಾಕಿ, ಉಂಡು, ಚಾಪೆ ಹಾಸಿ ಮಲಗುವುದೂ ಸರಿಯಾಗಿ ಅದೇ ಹೊತ್ತಿನಲ್ಲಿ. ಅಷ್ಟು ವರ್ಷ ಈ ಊರಿನಲ್ಲಿದ್ದ ಮನುಷ್ಯನಿಗೆ ಇದು ಗೊತ್ತೇ ಇಲ್ಲ, ಯಾಕೆಂದರೆ ಆ ಹೊತ್ತಿನಲ್ಲಿ ಅವರು ಯಾವತ್ತೂ ಬೀದಿಗೆ ಬಂದವರಲ್ಲ. ಯಾವ ಗಿರಾಕಿಯೂ ಹೇಳಿರಲಿಲ್ಲ. ಪುಣೆಯವರಿಗೆ ಅದು ಹೇಳುವಂಥ ವಿಷಯವೇ ಅಲ್ಲ.

"ಇಲ್ಲಿ ಮಧ್ಯಾಹ್ನ ಮಲಗ್ತಾರ್ರೀ ಅಕ್ಕಾರ. ದೇವರು ಬಂದು ಬಾಗಿಲಾ ಬಡದ್ರೂ ನಾಲ್ಕರ ಮ್ಯಾಲ ಬಾ ಅಂತಾರ" ಎಂದೆ.

ಲೀಲಕ್ಕ ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. ಸೀರೆಯನ್ನು ಹಗ್ಗದ ಮೇಲೆ ಹಾಕಿ, ಅದರ ಅಂಚನ್ನು ಎಳೆದು ನೇರ ಮಾಡುತ್ತ ನಿಂತರು.

"ಅಂದ್ರೆ ಇವರು ನೋಡ್ಲೇ ಇಲ್ಲ" ಎಂದರು. "ಕಿಸೆಯಿಂದ ಪೇಪರಿನ ಚಿತ್ರ ತೆಗೆದು ಎದುರಿಗೆ ಹಿಡಿದು ನೋಡ್ತಾರೆ, ಹಾಂ ಇದೇ ಇದೇ ಅಂತಾರೆ. ನನಗೆ ಸಂಶಯ ಬಂದಿತ್ತು. ನಾನು ಅಲ್ಲಿ ದನದ ಸೆಗಣಿ ಬಾಚುವಾಗ, ಇವರು ಇಲ್ಲಿ ತೋಟ, ಅರಮನೆ, ದೀಪ ಎಲ್ಲ ನೋಡ್ತಾ ಮಜಾ ಮಾಡ್ತಾರೆ ಅಂತ ಎಷ್ಟು ಹೊಟ್ಟೆಕಿಚ್ಚು ಪಟ್ಟಿದ್ದೇನೆ ಗೊತ್ತುಂಟಾ ನೀತಾ? ಈ ಊರನ್ನು ಸವತಿ ಅಂತಲೇ ಎಣಿಸಿದ್ದೆ. ಇಲ್ಲಿ ನೋಡಿದ್ರೆ ಪಾಪದವರು ಅಡಿಗೆಮನೆಯ ಹಬೆ ಬಿಟ್ಟು ಬೇರೆ ಎಂತದೂ ನೋಡ್ಲಿಲ್ಲ."

ಅವರ ಕಣ್ಣು ತುಂಬಿತ್ತು. ಹೀಗೆ ಯಾರ ಮೇಲೂ ಸಿಟ್ಟು ಮಾಡಲಾಗದ ದುಃಖ ಬಂದರೆ ನನಗೆ ತಡೆಯುವುದಿಲ್ಲ, ಆದ್ದರಿಂದ ನೇರ ಕೆಳಗಿಳಿದು ಕಾಂತಪ್ಪನವರ ಮೇಲೇ ಸಿಟ್ಟು ಮಾಡಿದೆ.

"ಏನ್ರೀ ಕಾಂತಪ್ಪನವರ, ಮಲಗಿದ ಊರಾ ತೋರಿಸಿ ಹೆಂಡತೀನ ಉಳಿಸ್ಕೋತೀರೇನು? ಸಂಜೀಕ ಕರಕೊಂಡು ಹೋಗ್ರಿ!"

"ಸಂಜೆಗಾ?" ಅವರ ಮುಖ ಇಳಿಯಿತು. "ಸಂಜೆ ಗಲ್ಲಾ ಬಿಟ್ಟು ಹೇಗೆ ಹೋಗುದು?"

ಅವರ ಕಷ್ಟ ಸುಮ್ಮನೆಯದಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಟೆಲಿನ ಬಾಗಿಲು ಹಾಕುವುದೆಂದರೆ ಮನೆಗೆ ಬಂದ ಲಕ್ಷ್ಮಿಯನ್ನು ಹೊರಗೆ ಕಳಿಸಿದ ಹಾಗೆ ಎಂದು ಮಾವ ಕಲಿಸಿದ್ದು. ಮಾವ ಸತ್ತ ದಿನವೂ ಸಂಜೆ ಬಾಗಿಲು ತೆರೆದು, ದೀಪ ಹಚ್ಚಿ, ಆಮೇಲೆ ಅತ್ತವರು ಇವರು. ಗಲ್ಲಾದಲ್ಲಿ ಬೇರೊಬ್ಬರನ್ನು ಕೂರಿಸುವುದು ಅದಕ್ಕಿಂತ ದೊಡ್ಡ ಅಪರಾಧ. ಅಡುಗೆಯ ಅಪ್ಪಿ ಎಷ್ಟೋ ವರ್ಷದಿಂದ ಅವರ ಜೊತೆ ಇದ್ದವನು. ಅವನೂ ಆ ಕುರ್ಚಿಯ ಧೂಳು ಒರೆಸುತ್ತಿದ್ದನೇ ಹೊರತು ಕೂತವನಲ್ಲ.

ಮಧ್ಯಾಹ್ನದ ತಿರುಗಾಟ ನಿಂತಿತು. ಗಣಪತಿ ಹಬ್ಬ ಬಂತು, ಹೋಟೆಲಿನಲ್ಲಿ ಉಸಿರು ಬಿಡಲು ಪುರುಸೊತ್ತಿಲ್ಲದೆ ಹೋಯಿತು. ಲೀಲಕ್ಕ ಕಿಟಕಿಯಿಂದ ಮೆರವಣಿಗೆಯ ಡೋಲು ಕೇಳಿದರು ಅಷ್ಟೆ. ಸೀರೆಗಳು ಟ್ರಂಕಿನಲ್ಲೇ ಇದ್ದವು. ತಮ್ಮ ಬರುವ ದಿನ ಗೊತ್ತಾಗಿ ಕಾಗದ ಬಂತು. ಭಾನುವಾರ ನಾನು ಧೋಂಡೋಪಂತನನ್ನು ಓದಿದರೆ ಕಾಂತಪ್ಪನವರು ಮೊಳೆಯ ಕಡೆ ಕೈ ತೋರಿಸುವುದನ್ನೂ ಬಿಟ್ಟಿದ್ದರು. ಅದನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು.

ನವರಾತ್ರಿಗೆ ಸ್ವಲ್ಪ ಮೊದಲು, ಒಂದು ಗುರುವಾರ ಕಚೇರಿಯಿಂದ ಬರುತ್ತಿದ್ದೆ. ಕಾಂತಪ್ಪನವರು ಹೋಟೆಲಿನ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ತಿಂಡಿಯ ಹೆಸರು ಬರೆಯುವ ಕಪ್ಪು ಹಲಗೆ ಮತ್ತು ಸೀಮೆಸುಣ್ಣ.

"ನೀತಾ, ಮರಾಠಿಯಲ್ಲಿ ಬರೆದು ಕೊಡು. ಇವತ್ತು ಹೋಟೆಲು ಬಂದ್."

"ಮತ್ತ ದೀಪ?"

ಅವರ ಮುಖದಲ್ಲಿ ಎಷ್ಟೋ ವಾರಗಳ ಮೇಲೆ ನಗು ಕಂಡಿತು. "ದೀಪ ಹಚ್ಚಿ ಆಗಿದೆ. ಶಟರು ಎಳೆಯುದಿಲ್ಲ. ಜಾಲರಿ ಬಾಗಿಲು ಮಾತ್ರ ಎಳೆದು ಬೀಗ ಹಾಕುದು. ಲಕ್ಷ್ಮಿಗೆ ಹೊರಗೆ ಕಾಣ್ತದೆ, ಹೊರಗಿನವರಿಗೆ ಲಕ್ಷ್ಮಿ ಕಾಣ್ತಾಳೆ. ಮಾವ ಬಾಗಿಲು ಹಾಕ್ಬಾರ್ದು ಅಂದದ್ದು, ಜಾಲರಿ ಎಳೀಬಾರ್ದು ಅಂತ ಹೇಳ್ಲಿಲ್ಲ."

ಇಷ್ಟು ಉಪಾಯ ಹುಡುಕಲು ಅವರಿಗೆ ಎಷ್ಟು ಹಗಲು ಬೇಕಾಯಿತೋ! ನಾನು ಸೀಮೆಸುಣ್ಣ ತೆಗೆದುಕೊಂಡೆ. ಪುಣೆಯಲ್ಲಿ ಬೋರ್ಡು ಬರೆಯುವುದೆಂದರೆ ಸುಮ್ಮನೆ ಬಂದ್ ಎಂದು ಬರೆಯುವುದಲ್ಲ. ಓದಿದವನಿಗೆ ಒಂದು ಚುಚ್ಚು ಸಿಗಬೇಕು, ಅದು ಇಲ್ಲಿಯ ಪದ್ಧತಿ. ಆಗಲೇ ಮೂರನೆಯ ಮಹಡಿಯ ಬಾಲ್ಕನಿ ನನ್ನ ಕಣ್ಣಿಗೆ ಬಿತ್ತು. ಅಲ್ಲಿ ನನ್ನ ಗಂಡ ರಜೆಯ ದಿನವೆಂದು ಬನಿಯನ್ನಿನಲ್ಲಿ ನಿಂತು ಆಕಳಿಸುತ್ತಿದ್ದ. ನನಗೆ ಮಾತು ತಾನಾಗಿ ಬಂತು. ದುಂಡಾಗಿ ಬರೆದೆ: "ಹೋಟೆಲ್ ಬಂದ್. ಮಾಲೀಕರು ಹೆಂಡತಿಗೆ ಪುಣೆ ತೋರಿಸಲು ಹೋಗಿದ್ದಾರೆ. ನೀವು ನಿಮ್ಮ ಹೆಂಡತಿಗೆ ತೋರಿಸಿದ್ದೀರಾ?"

ಓದಿ ಹೇಳಿದೆ. ಕಾಂತಪ್ಪನವರು ಕೆಂಪಾದರು, ಆದರೆ ಅಳಿಸು ಎನ್ನಲಿಲ್ಲ. ಅಪ್ಪಿಯೂ ಉಳಿದವರೂ ಸಿನಿಮಾಕ್ಕೆ ಓಡಿದರು. ಲೀಲಕ್ಕ ಮೆಟ್ಟಿಲಿಳಿದು ಬಂದು, ಜಾಲರಿಗೆ ನೇತುಹಾಕಿದ ಹಲಗೆಯನ್ನು ನೋಡಿ, ಗಂಡನನ್ನು ನೋಡಿ, ಸೆರಗು ಸರಿಮಾಡಿಕೊಂಡರು. ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆದರು.

ಮರುದಿನ ನಾನು ಕೇಳುವ ಮೊದಲೇ ಲೀಲಕ್ಕನಿಗೆ ಹೇಳುವ ಆತುರ. ತುಳಶೀಬಾಗಿನ ನೂಕುನುಗ್ಗಲಿನಲ್ಲಿ ಗಂಡ ಅವರ ಕೈ ಹಿಡಿದುಕೊಂಡರಂತೆ, ಎಲ್ಲರ ಎದುರೇ! ಹಸಿರು ಬಳೆ, ಚಹಾ ಸೋಸುವ ಜಾಲರಿ, ಬೇಡದ ಇನ್ನೆಷ್ಟೋ ಸಾಮಾನು ಕೊಂಡರಂತೆ. ವಿಶ್ರಾಮಬಾಗ್ ವಾಡೆಯ ಎದುರು ಗಂಡ ಅಭ್ಯಾಸಬಲದಿಂದ ಕಿಸೆಗೆ ಕೈ ಹಾಕಿದಾಗ "ಚಿತ್ರ ಒಳಗಿಡಿ, ಊರು ನೋಡಿ" ಎಂದರಂತೆ. ಆಮೇಲೆ ಒಂದು ಹೋಟೆಲಿಗೆ ಹೋದರು. ಗಿರಾಕಿಯಾಗಿ ಕೂತು ಕಾಂತಪ್ಪನವರಿಗೆ ಅಭ್ಯಾಸವೇ ಇಲ್ಲ. ಪಕ್ಕದ ಟೇಬಲಿನವರು ಎದ್ದದ್ದೇ ತಡ, ಇವರು ಅವರ ತಟ್ಟೆ ಎತ್ತಿಬಿಟ್ಟರು. ಎತ್ತಿದ ಮೇಲೆ ನೆನಪಾಯಿತು ಇದು ತಮ್ಮದಲ್ಲ ಎಂದು. ಕೈಯಲ್ಲಿ ಎಂಜಲು ತಟ್ಟೆ ಹಿಡಿದು ನಡುಹೋಟೆಲಿನಲ್ಲಿ ನಿಂತಿದ್ದಾರೆ!

"ನಾನು ಹಾಗೆ ನಕ್ಕದ್ದು ಮದುವೆ ಆದ ಮೇಲೆ ಇದೇ ಮೊದಲು ಇರ್ಬೇಕು" ಎಂದು ಲೀಲಕ್ಕ ಹೇಳುತ್ತ ಮತ್ತೆ ನಕ್ಕರು. ಬರುವಾಗ ಮಳೆ ಬಂತು. ಮೊಳೆಯ ಮೇಲೆ ರಾಶಿ ಛತ್ರಿ ಬಿಟ್ಟು ಬರಿಗೈಯಲ್ಲಿ ಬಂದಿದ್ದರು ಇಬ್ಬರೂ. ಲಕಡೀ ಪೂಲಿನ ಮೇಲೆ ನೆನೆಯುತ್ತ ಶೇಂಗಾ ತಿಂದರು. ನದಿಯಲ್ಲಿ ದೀಪದ ಬೆಳಕು ಬಿದ್ದಿತ್ತು.

ಇಷ್ಟಾದರೂ ಟ್ರಂಕು ಅಲ್ಲೇ ಇತ್ತು. ಒಂದು ಸಂಜೆ ಚೆನ್ನಾಗಿ ಕಳೆದ ಮಾತ್ರಕ್ಕೆ ಅಷ್ಟು ವರ್ಷದ ಮನಸ್ಸು ಬದಲಾಗುತ್ತದೆಯೇ? ನಾನು ಕೇಳಲಿಲ್ಲ, ಕಾಂತಪ್ಪನವರಂತೂ ಕೇಳುವ ಧೈರ್ಯ ಮಾಡಲಿಲ್ಲ.

ತಮ್ಮ ಬರುವ ಮುಂಚಿನ ಭಾನುವಾರ ಬಾಗಿಲಲ್ಲಿ ವಾರಪತ್ರಿಕೆ ಬಿತ್ತು. ಕೊನೆಯ ಪುಟ ನೋಡಿದವಳೇ ಬಾಚಣಿಕೆ ತಲೆಯಲ್ಲೇ ಬಿಟ್ಟು ಮೆಟ್ಟಿಲಿಳಿದು ಓಡಿದೆ.

ಧೋಂಡೋಪಂತ ಮಳೆಯಲ್ಲಿ ನೆನೆಯುತ್ತ ಬರುತ್ತಿದ್ದಾನೆ. ಮೇಲೆ ಬೋರ್ಡು, ಹೋಟೆಲ್ ಶಾಂಭವಿ. ಬಾಗಿಲಿಗೆ ಜಾಲರಿ. ಜಾಲರಿಯ ಆಚೆ ಖಾಲಿ ಕುರ್ಚಿ, ದೇವಿಯ ಪಟ, ಉರಿಯುವ ದೀಪ, ಅದರ ಕೆಳಗೆ ಮೊಳೆಯ ತುಂಬ ಛತ್ರಿಗಳು. ಅವುಗಳ ನಡುವೆ ಗಿಳಿಮೂತಿಯದೂ ಒಂದು! ಆದರೆ ಧೋಂಡೋಪಂತ ಓದುತ್ತಿರುವುದು ನನ್ನ ಹಲಗೆಯನ್ನು, ನನ್ನ ಮಾತು, ನನ್ನ ದುಂಡು ಅಕ್ಷರ, ಇದ್ದದ್ದು ಇದ್ದ ಹಾಗೆ. ಬರೆಯುವವರು ಆ ಗುರುವಾರ ಸಂಜೆ ನಮ್ಮ ಬೀದಿಯಲ್ಲೇ ಹಾದುಹೋಗಿರಬೇಕು. ಮುಂದಿನ ಚೌಕದಲ್ಲಿ ಬೋಳು ತಲೆ ಕೆರೆದುಕೊಳ್ಳುತ್ತಾನೆ. ಕೊನೆಯದರಲ್ಲಿ ಲಕಡೀ ಪೂಲಿನ ಮೇಲೆ ಅವನೂ, ನಾವು ಇದುವರೆಗೆ ನೋಡದಿದ್ದ ಅವನ ದಪ್ಪ ಹೆಂಡತಿಯೂ, ಛತ್ರಿಯಿಲ್ಲದೆ ನೆನೆಯುತ್ತ, ನಗುತ್ತ ನಡೆಯುತ್ತಿದ್ದಾರೆ.

ಕಾಂತಪ್ಪನವರು ಪುಟವನ್ನು ಎರಡೂ ಕೈಯಲ್ಲಿ ಹಿಡಿದರು. ಮೊದಲು ಖುಷಿ ಬಂತು, ಹಿಂದೆಯೇ ಗಾಬರಿ. "ಅಯ್ಯೋ, ಇಷ್ಟು ವರ್ಷ ತೆರೆದೇ ಇತ್ತಲ್ಲ ಮಾರಾಯ್ತಿ! ಮುಚ್ಚಿದ ದಿನವೇ ಬರ್ಬೇಕಾ ಇವನು? ಇಡೀ ಊರಿಗೆ ಗೊತ್ತಾಯ್ತು!"

ಗೊತ್ತಾಗಿಯೇ ಆಗಿತ್ತು. ಆಗಲೇ ಪುಟ ಹಿಡಿದುಕೊಂಡು ಜನ ಬರತೊಡಗಿದ್ದರು, ಮೊಳೆ ನೋಡಲು, ಹಲಗೆ ನೋಡಲು. ಒಬ್ಬ ಅಜ್ಜಿ ತನ್ನ ಯಜಮಾನರನ್ನು ತೋಳು ಹಿಡಿದು ಎಳೆತಂದು ಹಲಗೆ ಎಲ್ಲಿದೆ ಎಂದು ಕೇಳಿದಳು. ಲೀಲಕ್ಕ ಮೇಲಿನಿಂದ ಇಳಿದು ಬಂದರು. ಪುಟ ನೋಡಿದರು, ತುಂಬ ಹೊತ್ತು ನೋಡಿದರು. ಸೇತುವೆಯ ಮೇಲೆ ನೆನೆಯುತ್ತಿದ್ದ ಆ ಇಬ್ಬರ ಮೇಲೆ ಬೆರಳಿಟ್ಟರು.

"ಇವನು ನಾಳೆ ಛತ್ರಿ ಕೇಳ್ಲಿಕ್ಕೆ ಬರ್ತಾನೆ. ಇಷ್ಟು ಜನ ಬಂದ್ರೆ ನೀವು ಅಡಿಗೆಮನೆಯಲ್ಲಿ ಇರ್ತೀರಿ. ಯಾರು ಕೊಡುದು?" ಎಂದರು. ಆಮೇಲೆ ಗಲ್ಲಾದ ಹತ್ತಿರ ಹೋಗಿ, ಅಪ್ಪಿಯೂ ಕೂರದಿದ್ದ ಆ ಕುರ್ಚಿಯಲ್ಲಿ ಕೂತುಬಿಟ್ಟರು.

ಕಾಂತಪ್ಪನವರು ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡು, ಬೆವರು ಬೆವರು ಎನ್ನುತ್ತ ಒಳಗೆ ಹೋದರು. ಬೆವರಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ನನ್ನ ಗಂಡನೂ ಆ ಪುಟ ಓದಿದ. "ಈ ಅಕ್ಷರ ಭಾಳ ಪರಿಚಯದ್ದು ಅನಸ್ತದ" ಎಂದ. "ಹೌದ್ರಿ, ಅನಸ್ಬೇಕು" ಎಂದೆ. ಮುಂದಿನ ಗುರುವಾರ ನನ್ನ ಕಚೇರಿಯ ಗೇಟಿನ ಎದುರು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ, ತಲೆ ಬಾಚಿಕೊಂಡು.

ತಮ್ಮ ಬಂದ, ಬನ್ಸ್ ತಿಂದ. ಅಕ್ಕನ ಸೀರೆಗಳು ಕಪಾಟಿನಲ್ಲಿದ್ದವು; ಟ್ರಂಕನ್ನು ಟೆರೇಸಿಗೆ ಸಾಗಿಸಿ, ಮಣ್ಣು ತುಂಬಿ, ಬಸಳೆ ನೆಡಲು ಸಿದ್ಧ ಮಾಡಿದ್ದರು. ಯಾವಾಗ ಬರ್ತೀ ಅಂತ ಅವನು ಕೇಳಿದ್ದಕ್ಕೆ ಲೀಲಕ್ಕ ಗಲ್ಲಾದಿಂದಲೇ ಹೇಳಿದರು: "ಊರು ನೋಡಿ ಮುಗಿದ ಮೇಲೆ ಬರ್ತೇನೆ. ನೀನು ಹೋದ ಕೂಡ್ಲೇ ಬಸಳೆ ಬಳ್ಳಿ ಕಳಿಸು."

ಅದಾಗಿ ಏಳೆಂಟು ವರ್ಷವಾಯಿತು. ಆ ವಾರಪತ್ರಿಕೆ ನಿಂತುಹೋಯಿತು, ಧೋಂಡೋಪಂತ ಎಲ್ಲಿದ್ದಾನೋ ಗೊತ್ತಿಲ್ಲ. ಶಾಂಭವಿಯಲ್ಲಿ ಮಾತ್ರ ಪ್ರತಿ ಗುರುವಾರ ಸಂಜೆ ದೀಪ ಹಚ್ಚಿ ಜಾಲರಿ ಎಳೆಯುತ್ತಾರೆ, ನನ್ನ ಹಲಗೆ ನೇತುಹಾಕುತ್ತಾರೆ. ಹೋದ ವಾರ ಇಬ್ಬರೂ ವಾಕಡದ ಹೊಸ ಕಟ್ಟಡಗಳನ್ನು ನೋಡಲು ಹೊರಟಿದ್ದರು. ಇನ್ನೂ ಎಷ್ಟು ಉಳಿದಿದೆ ಅಕ್ಕಾರ ಎಂದು ಬಾಲ್ಕನಿಯಿಂದ ಕೂಗಿ ಕೇಳಿದೆ.

"ಎಲ್ಲಿ ಮಾರಾಯ್ತಿ" ಎಂದರು ಲೀಲಕ್ಕ, "ನಾವು ನೋಡಿದ ಹಾಗೆ ಇದು ದೊಡ್ಡದಾಗ್ತಾ ಹೋಗ್ತದೆ. ಮುಗಿಯುದೇ ಇಲ್ಲ!" ಕಾಂತಪ್ಪನವರು ಅವರ ಹಿಂದೆ ಎರಡು ಛತ್ರಿ ಹಿಡಿದುಕೊಂಡು ನಗುತ್ತ ನಿಂತಿದ್ದರು.